ಟ್ಯಾಂಕ್ ಬದಲಿಸುವ ಮುನ್ನ ಹಾಕಬೇಕಾದ ಲೆಕ್ಕ

ಕಾರ್ಬ್ಯುರೇಟರ್ ಬೈಕಿನ ಪೆಟ್ರೋಲ್ ಟ್ಯಾಂಕೂ ಫ್ಯೂಯಲ್ ಇಂಜೆಕ್ಷನ್ ಬೈಕಿನ ಟ್ಯಾಂಕೂ ಹೊರನೋಟಕ್ಕೆ ಒಂದೇ ಥರ ಇರಬಹುದು. ಒಳಗಿನ ಏರ್ಪಾಡು ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವ ಖರ್ಚು ನಿಂತಿರುವುದು ಟ್ಯಾಂಕಿನ ಬೆಲೆಯ ಮೇಲಲ್ಲ, ಅದರ ತಳಕ್ಕೆ ಏನೇನು ಜೋಡಿಸಬೇಕು ಎಂಬುದರ ಮೇಲೆ.

ಕಾರ್ಬ್ಯುರೇಟರ್ ಬೈಕಿನಲ್ಲಿ ಪೆಟ್ರೋಲ್ ತನ್ನ ಭಾರಕ್ಕೇ ಕೆಳಗಿಳಿಯುತ್ತದೆ. ತಳದಲ್ಲಿ ಆನ್, ಆಫ್, ರಿಸರ್ವ್ ಇರುವ ಪೆಟ್ರೋಲ್ ಕಾಕ್ ಇದ್ದರೆ ಸಾಕು. ಇಂಜೆಕ್ಷನ್ ಟ್ಯಾಂಕಿನ ತಳದಲ್ಲಿ ಅಗಲವಾದ ತೂತಿದ್ದು, ಅದರೊಳಗೆ ಎಲೆಕ್ಟ್ರಿಕ್ ಪಂಪ್, ಫಿಲ್ಟರ್, ಹಲವು ಮಾದರಿಗಳಲ್ಲಿ ಪ್ರೆಶರ್ ರೆಗ್ಯುಲೇಟರ್ ಕೂಡ ಕೂರುತ್ತವೆ. ಪಂಪ್ ಸಾಮಾನ್ಯವಾಗಿ ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ಇಂಜೆಕ್ಟರಿಗೆ ತಳ್ಳುತ್ತದೆ. ಸುತ್ತಲಿನ ಪೆಟ್ರೋಲೇ ಅದನ್ನು ತಂಪಾಗಿಡುತ್ತದೆ.

ಬೆಂಗಳೂರಿನ ಕಲ್ಯಾಣ ನಗರ, ಕಮ್ಮನಹಳ್ಳಿ, ಬಾಣಸವಾಡಿಯ ಗ್ಯಾರೇಜುಗಳಲ್ಲಿ ಈ ಪ್ರಶ್ನೆ ಎದ್ದುಬರುವುದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್‌ಗಳಲ್ಲಿ. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಯಾಗುವ ಹೊತ್ತಿನವರೆಗೂ ಕಾರ್ಬ್ಯುರೇಟರಿನ ಕ್ಲಾಸಿಕ್ 350 ಮತ್ತು ಇಂಜೆಕ್ಷನ್ನಿನ ಕ್ಲಾಸಿಕ್ 500 ಜೊತೆಜೊತೆಗೇ ಮಾರಾಟವಾದವು. ಎರಡಕ್ಕೂ 13.5 ಲೀಟರಿನ, ಒಂದೇ ಚಹರೆಯ ಟ್ಯಾಂಕ್. 2021ರಲ್ಲಿ ಬಂದ ಕ್ಲಾಸಿಕ್ 350ರ ಚಾಸಿಯೇ ಹೊಸದು. ಅದರ ಟ್ಯಾಂಕನ್ನು ಹಳೆಯದಕ್ಕೆ ಸಮವೆಂದು ಎಣಿಸುವಂತಿಲ್ಲ. ಈ ಅಂಕಣಕಾರನ ಮನೆಯ ಕ್ಲಾಸಿಕ್‌ಗೆ ಟ್ಯಾಂಕ್ ಹುಡುಕುವಾಗ ಬರೆದಿಟ್ಟ ಪಟ್ಟಿಯೇ ಮುಂದಿನ ಲೆಕ್ಕಕ್ಕೆ ಆಧಾರ.

ಇಂಜೆಕ್ಷನ್ ಟ್ಯಾಂಕನ್ನು ಕಾರ್ಬ್ಯುರೇಟರ್ ಬೈಕಿಗೆ ಹಾಕುವುದು ಎರಡರಲ್ಲಿ ಅಗ್ಗದ ದಾರಿ. ಪಂಪ್ ತೆಗೆದು, ಆ ತೂತಿಗೆ ಗ್ಯಾಸ್ಕೆಟ್ ಸಮೇತ ಪ್ಲೇಟ್ ಬಿಗಿದು, ಅದಕ್ಕೆ ಕಾಕ್ ಕೂರಿಸಬೇಕು. ಪಂಪನ್ನು ಉಳಿಸಿಕೊಳ್ಳುವಂತಿಲ್ಲ: ಅದರ ಒತ್ತಡವನ್ನು ಕಾರ್ಬ್ಯುರೇಟರಿನ ಫ್ಲೋಟ್ ಸೂಜಿ ತಡೆಯಲಾರದೆ ಪೆಟ್ರೋಲ್ ಹೊರಗೆ ಉಕ್ಕುತ್ತದೆ. ಗಾಳಿಯಾಡುವ ಕೊಳವೆಯನ್ನೂ ಮುಚ್ಚಬಾರದು. ಮುಚ್ಚಿದರೆ ಪೆಟ್ರೋಲ್ ಇಳಿಯುವುದು ನಿಂತು ಬೈಕ್ ದಾರಿಯಲ್ಲೇ ಆಫ್ ಆಗುತ್ತದೆ.

ಕಾರ್ಬ್ಯುರೇಟರ್ ಟ್ಯಾಂಕನ್ನು ಇಂಜೆಕ್ಷನ್ ಬೈಕಿಗೆ ಹಾಕುವುದು ದುಬಾರಿ. ತಳ ಕೊಯ್ದು ಪಂಪಿಗೆ ಜಾಗ ಮಾಡಬೇಕು, ಇಲ್ಲವೇ ಹೊರಗೆ ಪಂಪ್, ರೆಗ್ಯುಲೇಟರ್, ಒತ್ತಡ ತಾಳುವ ಪೈಪು, ಮರಳುವ ಪೈಪು, ವೈರಿಂಗ್ ಸೇರಿಸಬೇಕು. ಪಂಪಿನ ಬೆಲೆ ಹಳೆಯ ಟ್ಯಾಂಕಿನ ಬೆಲೆಯನ್ನು ಮೀರುವುದುಂಟು. ಜೊತೆಗೆ ಪೆಟ್ರೋಲ್ ಕಂಡ ಟ್ಯಾಂಕಿಗೆ ವೆಲ್ಡಿಂಗ್ ಮಾಡುವುದು ಪ್ರಾಣಕ್ಕೇ ಅಪಾಯ: ಬರಿದಾದ ಟ್ಯಾಂಕಿನಲ್ಲೂ ಆವಿ ಉಳಿದಿರುತ್ತದೆ, ಅದು ಸಿಡಿಯಬಲ್ಲದು.

ಶಿವಾಜಿನಗರದ ಗುಜರಿಯಲ್ಲಿ ಹಳೆಯ ಟ್ಯಾಂಕ್ ಅಗ್ಗಕ್ಕೆ ದೊರೆಯುತ್ತದೆ. ಕೊಳ್ಳುವ ಮುನ್ನ ಮುಚ್ಚಳ ತೆಗೆದು ಟಾರ್ಚ್ ಹಾಕಿ ತುಕ್ಕು ನೋಡಬೇಕು. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇದೆ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ನೀರು ತುಕ್ಕನ್ನು ಬೆಳೆಸುತ್ತದೆ. ಕಾರ್ಬ್ಯುರೇಟರಿಗೆ ತುಕ್ಕಿನ ಪುಡಿ ಹೊಕ್ಕರೆ ಬಿಚ್ಚಿ ತೊಳೆದರಾಯಿತು. ಪಂಪ್ ಮತ್ತು ಇಂಜೆಕ್ಟರ್ ಕೆಟ್ಟರೆ ಹೊಸದನ್ನೇ ತರಬೇಕಾಗಬಹುದು. ಹೊಸ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ: 6,000 ರೂಪಾಯಿಯ ಭಾಗಕ್ಕೆ ಹಿಂದೆ 1,680 ರೂಪಾಯಿ ತೆರಿಗೆ, ಈಗ 1,080. ಹೀಗಾಗಿ ಗುಜರಿಗೂ ಹೊಸದಕ್ಕೂ ಇರುವ ಅಂತರ ಸ್ವಲ್ಪ ತಗ್ಗಿದೆ.

ಕಾನೂನಿನ ಖರ್ಚೂ ಉಂಟು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿನ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಆರ್‌ಸಿಯಲ್ಲಿ ಬಣ್ಣವೂ ದಾಖಲಾಗಿರುತ್ತದೆ. ಬೇರೆ ಬಣ್ಣದ ಟ್ಯಾಂಕ್ ಹಾಕುವವರು ಆರ್‌ಟಿಒದಲ್ಲಿ ಮೊದಲೇ ವಿಚಾರಿಸಬೇಕು. ವಿಮಾ ಕಂಪನಿಗೂ ತಿಳಿಸಿರಬೇಕು.

ಮೆಕ್ಯಾನಿಕ್‌ನಿಂದ ಟ್ಯಾಂಕ್, ಪಂಪ್ ಅಥವಾ ಕಾಕ್, ಪೈಪು, ವೈರಿಂಗ್, ಬಣ್ಣ, ಕೂಲಿ ಎಲ್ಲದರ ದರವನ್ನು ಬಿಡಿಬಿಡಿಯಾಗಿ ಬರೆಸಿಕೊಂಡು, ಇದ್ದ ಟ್ಯಾಂಕಿನ ಡೆಂಟಿಂಗ್-ಪೇಂಟಿಂಗ್ ಖರ್ಚಿನೊಂದಿಗೆ ಹೋಲಿಸಬೇಕು. ದುರಸ್ತಿಯಾಗುವಂತಿದ್ದರೆ ಇದ್ದ ಟ್ಯಾಂಕೇ ಮೇಲು. ಆಗದಿದ್ದರೆ ಅದೇ ಮಾದರಿಯ, ಅದೇ ಇಂಧನ ವ್ಯವಸ್ಥೆಯ ಟ್ಯಾಂಕ್.