ಜ್ವರದ ಅಂಕಿ ಮತ್ತು ಎರಡು ಮಾಪಕಗಳು

ಜ್ವರ ಬಂದೊಡನೆ ಥರ್ಮಾಮೀಟರ್ ಇಟ್ಟು ನೋಡುವ ರೂಢಿ ಈಗ ಬಹುತೇಕ ಮನೆಗಳಲ್ಲಿದೆ. ಆದರೆ ಕಂಡ ಅಂಕಿ ಯಾವ ಮಾಪಕದ್ದೆಂಬುದನ್ನು ಹಲವರು ಗಮನಿಸುವುದಿಲ್ಲ. ಹಳೆಯ ಪಾದರಸದ ಕಡ್ಡಿಯಲ್ಲಿ ಫ್ಯಾರನ್‌ಹೀಟ್ ಓದಿ ಅಭ್ಯಾಸವಾದ ಹಿರಿಯರು, ಡಿಜಿಟಲ್ ಉಪಕರಣದಲ್ಲಿ 39.5 ಎಂದು ಕಂಡರೆ ‘ನೂರು ದಾಟಿಲ್ಲ’ ಎಂದು ಸಮಾಧಾನಪಡುತ್ತಾರೆ. ಕಂಟೋನ್ಮೆಂಟಿನ ನನ್ನ ಚಿಕಿತ್ಸಾಲಯದಲ್ಲಿ ಈ ಮಾತನ್ನು ಮೇಲಿಂದ ಮೇಲೆ ಕೇಳುತ್ತಿರುತ್ತೇನೆ. ಅದು ಸೆಲ್ಸಿಯಸ್ ಅಂಕಿ, ಫ್ಯಾರನ್‌ಹೀಟಿನಲ್ಲಿ 103.1, ಅಂದರೆ ತೀವ್ರ ಜ್ವರ.

ನೀರು ಹೆಪ್ಪುಗಟ್ಟುವ ಹಂತ ಸೆಲ್ಸಿಯಸ್‌ನಲ್ಲಿ 0, ಕುದಿಯುವ ಹಂತ 100. ಫ್ಯಾರನ್‌ಹೀಟಿನಲ್ಲಿ ಇವೇ 32 ಮತ್ತು 212. ಅಲ್ಲಿ ನೂರು ಭಾಗವಾದದ್ದು ಇಲ್ಲಿ ನೂರೆಂಬತ್ತು ಭಾಗ; ಆದ್ದರಿಂದ ಸೆಲ್ಸಿಯಸ್‌ನ ಒಂದು ಡಿಗ್ರಿ ಫ್ಯಾರನ್‌ಹೀಟಿನ 1.8 ಡಿಗ್ರಿಗೆ ಸಮ. ಬಾಯಿಲೆಕ್ಕದ ದಾರಿ ಹೀಗಿದೆ: ಸೆಲ್ಸಿಯಸ್ ಅಂಕಿಯನ್ನು ಇಮ್ಮಡಿಸಿ, ಬಂದದ್ದರಲ್ಲಿ ಹತ್ತನೆಯ ಒಂದು ಭಾಗ ಕಳೆದು, 32 ಕೂಡಿಸಬೇಕು. 40 ಇದ್ದರೆ 80. ಎಂಟು ಕಳೆದರೆ 72. 32 ಕೂಡಿಸಿದರೆ 104. ತಿರುಗಿಸಿ ಲೆಕ್ಕ ಹಾಕುವುದಾದರೆ 32 ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಬೇಕು.

98.6 ಎಂಬ ಅಂಕಿಯ ಬಗೆಗೂ ಒಂದು ಮಾತು. ಜರ್ಮನಿಯ ವೈದ್ಯ ವುಂಡರ್ಲಿಖ್ 1868ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆರೋಗ್ಯವಂತರ ಸರಾಸರಿ ತಾಪವನ್ನು 37 ಸೆಲ್ಸಿಯಸ್ ಎಂದನು. ಆ ಪೂರ್ಣಾಂಕವನ್ನು ಪರಿವರ್ತಿಸಿದಾಗ ದೊರೆತದ್ದೇ 98.6. ದೇಹದ ತಾಪವು ಬೆಳಗ್ಗೆ ತುಸು ಕಡಿಮೆ, ಸಂಜೆ ತುಸು ಹೆಚ್ಚು. ಆದುದರಿಂದ 99 ಕಂಡೊಡನೆ ಗಾಬರಿ ಬೇಡ. ಸಾಮಾನ್ಯವಾಗಿ 38 ಸೆಲ್ಸಿಯಸ್, ಅಂದರೆ 100.4 ದಾಟಿದರೆ ಜ್ವರವೆಂದು ಗಣಿಸುತ್ತಾರೆ. ಮೂರು ತಿಂಗಳೊಳಗಿನ ಕೂಸಿಗೆ ಇಷ್ಟು ಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಒಯ್ಯಿರಿ.

ಚರಕ ಸಂಹಿತೆಯು ದೇಹ, ಮನಸ್ಸು ಎರಡರ ಸಂತಾಪವನ್ನೂ ಜ್ವರದ ಲಕ್ಷಣವೆಂದು ಹೇಳುತ್ತದೆ. ಮಂಕುತನ, ಗೊಂದಲದ ಮಾತು ಅಂಕಿಯಷ್ಟೇ ಮುಖ್ಯ.

ನಮ್ಮ ಬಳ್ಳಾರಿಯ ಬೇಸಿಗೆಯಲ್ಲಿ ಗಾಳಿಯ ಉಷ್ಣತೆ 40 ದಾಟುವುದು ಹೊಸದಲ್ಲ; ಅದೇ 40 ದೇಹದೊಳಗೆ ಕಂಡರೆ ಪ್ರಾಣಕ್ಕೇ ಸಂಚಕಾರ. ಸಿರುಗುಪ್ಪ, ಕುರುಗೋಡು ಕಡೆಯ ಹೊಲಗಳಲ್ಲಿ ಬಿಸಿಲಲ್ಲಿ ಕಾಯಕ ಮಾಡುವವರು ತಡವರಿಸಿ ಮಾತನಾಡಿದರೆ, ಎಚ್ಚರ ತಪ್ಪಿದರೆ, ಅದನ್ನು ಉಷ್ಣಾಘಾತವೆಂದೇ ತಿಳಿಯಿರಿ. ಜ್ವರದ ಮಾತ್ರೆಯಾಗಲಿ ಕಷಾಯವಾಗಲಿ ಅದನ್ನು ಇಳಿಸದು. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿರಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿರಿ.