ಉಪ್ಪುನೀರಿನ ಎಡೆಯಲ್ಲಿ ಲೇಪಿತ ಸರಳುಗಳು

ಉತ್ತರ ಕನ್ನಡದ ಗಜನಿ ಗದ್ದೆಗಳ ತೂಬು ಬಿರಿದು ಉಪ್ಪುನೀರು ನುಗ್ಗಿದರೆ ಬತ್ತದ ಬೆಳೆಗೆ ಕೇಡು ತಪ್ಪದು. ಉಪ್ಪು ಕಾಂಕ್ರೀಟಿನೊಳಕ್ಕೆ ಇಳಿದರೆ ಅದರಲ್ಲಿನ ಉಕ್ಕಿನ ಸರಳು ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟನ್ನೇ ಸೀಳುತ್ತದೆ. ಇದರ ನಿವಾರಣೆಗಾಗಿ ಸರಳಿಗೆ ಎಪಾಕ್ಸಿಯೆಂಬ ರಾಳದ ಲೇಪವನ್ನು ಕೊಡುವ ಕ್ರಮವು 1973ರಲ್ಲಿ ಅಮೆರಿಕದ ಸೇತುವೆಯೊಂದರಲ್ಲಿ ಮೊದಲಾಯಿತು. ಆದರೆ ಅದೇ ದೇಶದ ಫ್ಲಾರಿಡಾ ಕೀಸ್ ದ್ವೀಪಗಳ ಸಮುದ್ರಸೇತುವೆಗಳಲ್ಲಿ, ಕಟ್ಟಿ ಹತ್ತು ವರ್ಷ ತುಂಬುವ ಮೊದಲೇ, ಲೇಪಿತ ಸರಳುಗಳೂ ತುಕ್ಕು ಹಿಡಿದುದು 1986ರಲ್ಲಿ ಕಂಡುಬಂದಿತು. ಲೇಪದ ಗಾಯಗಳೂ, ತೇವದಲ್ಲಿ ಲೇಪವು ಉಕ್ಕನ್ನು ಬಿಟ್ಟುದೂ ಇದಕ್ಕೆ ಕಾರಣಗಳು.

ಆದಕಾರಣ ಲೇಪವೊಂದನ್ನೇ ನೆಚ್ಚತಕ್ಕದ್ದಲ್ಲ. ಸರಳನ್ನು ನೆಲದ ಮೇಲೆ ಎಳೆಯದೆ, ಗೀಚಿದೆಡೆಗಳಿಗೆ ಪುನಃ ಲೇಪ ಕೊಟ್ಟು, ಸಿಹಿನೀರನ್ನೂ ಉಪ್ಪಿಲ್ಲದ ಮರಳನ್ನೂ ಬಳಸಿ, ಉಬ್ಬರವಿಳಿತ ಮುಟ್ಟುವಲ್ಲಿ ಸರಳಿನ ಮೇಲೆ 75 ಮಿಲಿಮೀಟರು ಗಟ್ಟಿ ಕಾಂಕ್ರೀಟು ನಿಲ್ಲುವಂತೆ ಗ್ರಾಮಮುಖ್ಯರೂ ಭೂಮಾಲಿಕರೂ ಕೆಲಸ ಮಾಡಿಸತಕ್ಕದ್ದು.