ಧ್ವನಿ ಅಳೆಯುವ ತಂತ್ರಾಂಶ: ಬಳಕೆದಾರರ ದೂರುಗಳು ಕಲಿಸುವ ಪಾಠ

ಧ್ವನಿ ಅಳೆಯುವ ತಂತ್ರಾಂಶವು ಪರದೆಯ ಮೇಲೆ ತೋರಿಸುವ ಡೆಸಿಬೆಲ್ ಸಂಖ್ಯೆಯು, ಧ್ವನಿಯಿಂದ ಗಾಳಿಯ ಒತ್ತಡದಲ್ಲಾಗುವ ಏರಿಳಿತವನ್ನು 20 ಮೈಕ್ರೊಪ್ಯಾಸ್ಕಲ್ ಎಂಬ ಆಧಾರ ಒತ್ತಡದೊಂದಿಗೆ ಹೋಲಿಸಿ, ಲಾಗರಿದಮ್ ಲೆಕ್ಕದಲ್ಲಿ ಹೇಳುವ ಪ್ರಮಾಣವಾಗಿದೆ. ಈ ಸಂಖ್ಯೆ ಮೂಡುವ ಮೊದಲು ಧ್ವನಿಯು ಮೈಕ್, ಅದರ ಹಿಂದಿನ ವರ್ಧಕ, ಫೋನಿನ ಕಾರ್ಯಾಚರಣ ವ್ಯವಸ್ಥೆ ಮತ್ತು ತಂತ್ರಾಂಶದ ಗಣಿತ ಎಂಬ ಹಲವು ಕೊಂಡಿಗಳನ್ನು ದಾಟಿ ಬರುವುದರಿಂದ, ‘ಅಳತೆ ತಪ್ಪು ಬರುತ್ತಿದೆ’ ಎಂಬ ದೂರು ಬಂದಾಗ ತಪ್ಪಿರುವ ಕೊಂಡಿ ಯಾವುದೆಂದು ಗುರುತಿಸುವುದೇ ದೋಷಶೋಧನೆಯ ತಿರುಳು. ಈ ಕೆಲಸದ ಅನುಭವವು ಕಲಿಸುವ ಮುಖ್ಯ ಸಂಗತಿಯೆಂದರೆ, ಬಳಕೆದಾರನ ದೂರೂ ಒಂದು ಅಳತೆಯೇ ಆಗಿದ್ದು, ಯಾವ ಧ್ವನಿಯನ್ನು, ಯಾವ ಫೋನಿನಲ್ಲಿ, ಎಷ್ಟು ದೂರದಿಂದ ಅಳೆದದ್ದು ಎಂಬ ವಿವರ ಜೊತೆಗಿದ್ದಾಗಲೇ ಅದಕ್ಕೆ ಬೆಲೆ ಬರುತ್ತದೆ.

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಊರುಗಳಲ್ಲಿ ಇಂಥ ಅಳತೆಗೆ ಕಾರಣಗಳು ಬೇಕಾದಷ್ಟಿವೆ. ಕರಿಕಲ್ಲು ಗಣಿಗಳ ಸದ್ದು, ಹೆದ್ದಾರಿಯ ಲಾರಿಗಳು, ಹಬ್ಬ ಜಾತ್ರೆಗಳ ಧ್ವನಿವರ್ಧಕಗಳು ಇವೆಲ್ಲ ಜನರ ನಿದ್ದೆಗೂ ಮಕ್ಕಳ ಓದಿಗೂ ಸಂಬಂಧಿಸಿದವು. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯನ್ನೂ, ನಿಶ್ಶಬ್ದ ವಲಯಕ್ಕೆ 50 ಮತ್ತು 40 ಡೆಸಿಬೆಲ್ ಮಿತಿಯನ್ನೂ ನಿಗದಿಪಡಿಸಿವೆ. ಆದರೆ ಪ್ರಮಾಣಿತ ಮಾಪಕವು ಹಳ್ಳಿಯವರ ಕೈಗೆ ಎಟುಕುವುದಿಲ್ಲವಾದ್ದರಿಂದ ಅವರು ಫೋನಿನ ಆ್ಯಪನ್ನೇ ನೆಚ್ಚುತ್ತಾರೆ. ಕೆಲಸಗಾರರ ಸುರಕ್ಷತೆ ಮತ್ತು ಆರೋಗ್ಯದ ಸಂಶೋಧನೆ ನಡೆಸುವ ಅಮೆರಿಕದ ನಿಯೋಶ್ ಸಂಸ್ಥೆಯ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐಫೋನಿನ 130ಕ್ಕೂ ಹೆಚ್ಚು ಆ್ಯಪ್‌ಗಳ ಪೈಕಿ 10, ಆಂಡ್ರಾಯ್ಡಿನ 62ರ ಪೈಕಿ 4 ಮಾತ್ರ ಪರೀಕ್ಷೆಗೆ ಆಯ್ಕೆಯಾದವು. 2017ರಲ್ಲಿ ಅದೇ ಸಂಸ್ಥೆ ಹೊರತಂದ ಆ್ಯಪ್ ಕೂಡ ಐಫೋನಿಗಷ್ಟೇ ಸೀಮಿತವಾಗಿತ್ತು. ಹಲವು ಕಂಪನಿಗಳು ಹಲವು ಬಗೆಯ ಮೈಕ್ ಬಳಸಿ ತಯಾರಿಸುವ ಆಂಡ್ರಾಯ್ಡ್ ಫೋನುಗಳೇ ನಮ್ಮ ಊರುಗಳಲ್ಲಿ ಹೆಚ್ಚಾಗಿರುವುದರಿಂದ ಇಲ್ಲಿ ಪರೀಕ್ಷೆಯ ಹೊಣೆ ಇನ್ನಷ್ಟು ಭಾರವಾಗುತ್ತದೆ.

ತಕ್ಕಡಿಯ ದೋಷವು ಗೊತ್ತಿರುವ ತೂಕದ ಬಟ್ಟನ್ನು ಇಟ್ಟಾಗ ಮಾತ್ರ ಹೊರಬೀಳುವಂತೆ, ಧ್ವನಿಮಾಪನದಲ್ಲಿಯೂ ಗೊತ್ತಿರುವ ಧ್ವನಿಯಿಂದಲೇ ಶೋಧನೆ ಆರಂಭವಾಗಬೇಕು. ಮೈಕಿನ ಮೇಲೆ ಕೂರಿಸುವ ಕ್ಯಾಲಿಬ್ರೇಟರ್ ಎಂಬ ಪುಟ್ಟ ಸಾಧನವು 1,000 ಹರ್ಟ್ಜ್ ಆವರ್ತನದಲ್ಲಿ 94 ಡೆಸಿಬೆಲ್ ಧ್ವನಿಯನ್ನು, ಅಂದರೆ 1 ಪ್ಯಾಸ್ಕಲ್ ಒತ್ತಡವನ್ನು, ಉಂಟುಮಾಡುತ್ತದೆ. ಫೋನಿನ ಮೈಕಿಗೆ ಇದು ಹೊಂದುವುದಿಲ್ಲವಾದ್ದರಿಂದ ಕ್ಯಾಲಿಬ್ರೇಟ್ ಆದ ಮಾಪಕವನ್ನೂ ಫೋನನ್ನೂ ಒಂದೇ ಧ್ವನಿಯ ಮುಂದೆ ಅಕ್ಕಪಕ್ಕ ಇಟ್ಟು ಹೋಲಿಸಬೇಕಾಗುತ್ತದೆ. ಇದಕ್ಕೂ ಮೊದಲು, ಕಂಪ್ಯೂಟರಿನಲ್ಲೇ ತಯಾರಿಸಿದ ಧ್ವನಿ ಕಡತವನ್ನು ನೇರವಾಗಿ ತಂತ್ರಾಂಶಕ್ಕೆ ಉಣಿಸಿದರೆ ಮೈಕಿನ ಪ್ರಶ್ನೆಯೇ ಬದಿಗೆ ಸರಿದು ಗಣಿತದ ತಪ್ಪುಗಳು ಬೆತ್ತಲಾಗುತ್ತವೆ. ಉದಾಹರಣೆಗೆ, ಸೆಕೆಂಡಿಗೆ 48,000 ಮಾದರಿಗಳಂತೆ ದಾಖಲಾದ ಧ್ವನಿಯನ್ನು ತಂತ್ರಾಂಶವು 44,100 ಎಂದು ತಪ್ಪಾಗಿ ಭಾವಿಸಿದರೆ 1,000 ಹರ್ಟ್ಜ್ ಸ್ವರವು ಸುಮಾರು 919 ಹರ್ಟ್ಜ್ ಎಂದು ಕಾಣಿಸುತ್ತದೆ. ಹಾಗೆಯೇ ಸಮಾನ ಹೊತ್ತು ಕೇಳಿದ 60 ಮತ್ತು 80 ಡೆಸಿಬೆಲ್ ಧ್ವನಿಗಳ ಶಕ್ತಿಯ ಸರಾಸರಿ 77 ಡೆಸಿಬೆಲ್ ಆಗಿರುವಲ್ಲಿ, ಸಂಖ್ಯೆಗಳನ್ನೇ ಕೂಡಿ ಭಾಗಿಸುವ ತಂತ್ರಾಂಶವು 70 ಎಂದು ತೋರಿಸಿಬಿಡುತ್ತದೆ.

ಪ್ರಯೋಗಾಲಯದ ಏಕಸ್ವರಗಳು ಹೊರಗೆಡಹದ ಸಂಗತಿಗಳನ್ನು ಬಳಕೆದಾರರ ಊರಿನ ಧ್ವನಿಗಳು ಹೊರಗೆಡಹುತ್ತವೆ. ಉಮ್ಮತ್ತೂರಿನ ಸುತ್ತಣ ಸೀಮೆಯಲ್ಲಿ ಮಲೆ ಮಾದಪ್ಪನ ಪದ ಹಾಡುವ ಗುಡ್ಡರೆಂಬ ಭಕ್ತರ ಕೈಯ ಕಂಸಾಳೆ ಇದಕ್ಕೆ ಒಳ್ಳೆಯ ನಿದರ್ಶನ. ಒಂದು ಕೈಯ ಬಟ್ಟಲಿನಂಥ ತಾಳಕ್ಕೆ ಇನ್ನೊಂದು ಕೈಯ ಚಪ್ಪಟೆ ತಾಳ ತಾಗಿದೊಡನೆ ಕಂಚಿನ ನಾದವು ಕ್ಷಣಾರ್ಧದಲ್ಲಿ ಶಿಖರಕ್ಕೇರಿ ಇಳಿಯುತ್ತದೆ. ಮಾಪಕಗಳಲ್ಲಿರುವ ‘ಫಾಸ್ಟ್’ ಎಂಬ ಕ್ರಮ 125 ಮಿಲಿಸೆಕೆಂಡಿನ, ‘ಸ್ಲೋ’ ಎಂಬ ಕ್ರಮ 1 ಸೆಕೆಂಡಿನ ಕಾಲಮಾನದಲ್ಲಿ ಏರಿಳಿತವನ್ನು ನಯಗೊಳಿಸುವುದರಿಂದ, ಕೇವಲ 10 ಮಿಲಿಸೆಕೆಂಡ್ ಉಳಿಯುವ ಒಂದು ಸ್ವರವು ಅದೇ ಬಲದ ನಿರಂತರ ಸ್ವರಕ್ಕಿಂತ ಮೊದಲನೆಯದರಲ್ಲಿ ಸುಮಾರು 11, ಎರಡನೆಯದರಲ್ಲಿ 20 ಡೆಸಿಬೆಲ್ ಕಡಿಮೆ ತೋರುತ್ತದೆ. ಹೀಗಾಗಿ ಕಂಸಾಳೆಯೆದುರು ಅಕ್ಕಪಕ್ಕ ನಿಂತ ಇಬ್ಬರ ಫೋನುಗಳು ಬೇರೆ ಬೇರೆ ಸಂಖ್ಯೆ ತೋರಿಸಿದಾಗ, ಒಂದು ‘ಫಾಸ್ಟ್’ ಇನ್ನೊಂದು ‘ಸ್ಲೋ’ ಕ್ರಮದಲ್ಲಿದ್ದರೆ, ಎರಡೂ ಸರಿಯಿರಬಹುದು. ಅಥವಾ ತಾಳದ ಪೆಟ್ಟಿಗೆ ಮೈಕಿನ ಸಾಮರ್ಥ್ಯವೇ ಮುಗಿದು ಅಲೆಯ ತಲೆ ಕತ್ತರಿಸಿ ಹೋಗಿರಬಹುದು. ದಾಖಲಾದ ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿ, ತುದಿಗಳು ಚಪ್ಪಟೆಯಾಗಿವೆಯೇ ಎಂದು ಪರಿಶೀಲಿಸಿದರೆ ಈ ಎರಡು ಸಾಧ್ಯತೆಗಳನ್ನು ಬೇರ್ಪಡಿಸಬಹುದು.

ಫೋನುಗಳ ಸಂಖ್ಯೆ ಬೇರೆಯಾಗಲು ಮೂರನೆಯ ಕಾರಣವೂ ಇದೆ. ಮಾತು ಸ್ಪಷ್ಟವಾಗಿ ಕೇಳಲೆಂದು ಫೋನು ದೊಡ್ಡ ಸದ್ದನ್ನು ತಗ್ಗಿಸಿ ಸಣ್ಣ ಸದ್ದನ್ನು ಎತ್ತುವುದುಂಟು. ಕರೆಗೆ ಉಪಕಾರಿಯಾದ ಈ ಗುಣ ಅಳತೆಗೆ ಮಾರಕ. ಆಂಡ್ರಾಯ್ಡ್ 7.0 ಆವೃತ್ತಿಯಿಂದ ಇಂಥ ಸಂಸ್ಕರಣೆಯಿಲ್ಲದ ಧ್ವನಿಯನ್ನು ಕೇಳಿ ಪಡೆಯುವ ಅವಕಾಶವಿದ್ದರೂ ಎಲ್ಲ ಫೋನುಗಳೂ ಅದನ್ನು ಒದಗಿಸುವುದಿಲ್ಲವಾದ್ದರಿಂದ, ದೂರಿನೊಂದಿಗೆ ಫೋನಿನ ಮಾದರಿಯ ಹೆಸರನ್ನು ಕೇಳುವುದು ಅನಿವಾರ್ಯವಾಗುತ್ತದೆ.

ಕೆಲವು ದೂರುಗಳಲ್ಲಿ ತಂತ್ರಾಂಶದ ಗಣಿತ ಸರಿಯಾಗಿಯೇ ಇರುತ್ತದೆ, ಆದರೂ ದೂರು ಹುಸಿಯಲ್ಲ. ಧ್ವನಿವರ್ಧಕದ ಪೆಟ್ಟಿಗೆಗಳಿಂದ ಎದೆ ನಡುಗುತ್ತಿದ್ದರೂ ಪರದೆಯಲ್ಲಿ ಸಂಖ್ಯೆ ಏರುತ್ತಿಲ್ಲವೆಂಬ ಮಾತು ಅಂಥದು. ಕಿವಿಯ ಸ್ವಭಾವವನ್ನು ಅನುಸರಿಸಿ ಕೆಳ ಆವರ್ತನಗಳನ್ನು ತಗ್ಗಿಸುವ ‘ಎ’ ಎಂಬ ತೂಕ ಕ್ರಮವು 63 ಹರ್ಟ್ಜಿನಲ್ಲಿ ಸುಮಾರು 26 ಡೆಸಿಬೆಲ್ ಕಳೆದರೆ, ‘ಸಿ’ ಎಂಬ ಕ್ರಮವು ಅಲ್ಲಿ 1 ಡೆಸಿಬೆಲನ್ನೂ ಕಳೆಯುವುದಿಲ್ಲ. ನಿಯಮಗಳ ಮಿತಿಗಳು ‘ಎ’ ಕ್ರಮದಲ್ಲಿರುವುದರಿಂದ ಆ ಸಂಖ್ಯೆ ಬೇಕು, ಎದೆಯ ನಡುಕ ಅರ್ಥವಾಗಲು ‘ಸಿ’ ಸಂಖ್ಯೆಯೂ ಬೇಕು. ಎರಡನ್ನೂ ಅಕ್ಷರಸಹಿತ ತೋರಿಸುವುದೇ ಈ ದೂರಿಗೆ ತಕ್ಕ ಉತ್ತರ. ಬಯಲಿನ ಹೊಲಗಳಲ್ಲಿ ಅಳೆದಾಗ ಗಾಳಿಯೇ ಮೈಕಿಗೆ ಬಡಿದು ಸಂಖ್ಯೆ ಏರುವುದನ್ನು ಸ್ಪಂಜಿನ ಹೊದಿಕೆ ಬಹುಮಟ್ಟಿಗೆ ತಡೆಯುತ್ತದೆಂಬ ಸೂಚನೆಯನ್ನೂ ತಂತ್ರಾಂಶವೇ ನೀಡಬೇಕು.

ದೂರು ಪಡೆಯುವ ವಿಧಾನದಲ್ಲಿ ಬಳಕೆದಾರನು ತನ್ನ ಮಾತಿನಲ್ಲೇ ಹೇಳಿದ್ದನ್ನು ಮೊದಲು ಬರೆದುಕೊಂಡು, ಆಮೇಲೆ ಫೋನು, ಆವೃತ್ತಿ, ದೂರ, ಕ್ರಮ ಮತ್ತು ಸಾಧ್ಯವಾದರೆ ಮೂಲ ಧ್ವನಿ ಕಡತವನ್ನು ಕೇಳುವುದು ಫಲಕಾರಿ, ಏಕೆಂದರೆ ಪ್ರಶ್ನಾವಳಿಯನ್ನು ಮೊದಲೇ ಮುಂದಿಟ್ಟರೆ ಅದರಲ್ಲಿಲ್ಲದ ಸಂಗತಿ ಎಂದೂ ಹೊರಬರುವುದಿಲ್ಲ. ಪ್ರತಿ ಸಲ ಒಂದೇ ಕೊಂಡಿಯನ್ನು ಬದಲಿಸಿ ನೋಡಬೇಕು, ಸರಿಪಡಿಸಿದ ಪ್ರತಿಯೊಂದು ದೋಷದ ಕಡತವನ್ನೂ ಮುಂದಿನ ಆವೃತ್ತಿಗಳ ಪರೀಕ್ಷೆಗೆ ಉಳಿಸಿಕೊಳ್ಳಬೇಕು. ಶ್ರವಣ ಪರೀಕ್ಷೆಯ ಕ್ಷೇತ್ರದಲ್ಲಿ ಉಪಕರಣವನ್ನು ಕಾಲಕಾಲಕ್ಕೆ ಕ್ಯಾಲಿಬ್ರೇಟ್ ಮಾಡುವುದಲ್ಲದೆ ಪರೀಕ್ಷಕರು ನಿತ್ಯವೂ ತಾವೇ ಆಲಿಸಿ ನೋಡುವ ಶಿಸ್ತು ಬಹುಕಾಲದಿಂದ ಬೆಳೆದುಬಂದಿದೆ. ಈ ವಿದ್ಯೆಯನ್ನು ಕಲಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಪಕ್ಕದ ಮೈಸೂರಿನಲ್ಲೇ ಇರುವಾಗ, ತಂತ್ರಾಂಶ ರಚಿಸುವವರು ಆ ಶಿಸ್ತನ್ನು ದೂರದಿಂದ ಎರವಲು ತರಬೇಕಾಗಿಲ್ಲ.

ಫೋನಿನ ಅಳತೆಯು ಪ್ರಮಾಣಿತ ಮಾಪಕದ ಅಳತೆಗೆ ಬದಲಿಯಾಗದು, ಮತ್ತು ಇದನ್ನು ಬಳಕೆದಾರನಿಗೆ ಮುಚ್ಚುಮರೆಯಿಲ್ಲದೆ ತಿಳಿಸುವುದು ತಂತ್ರಾಂಶದ ಧರ್ಮ. ಆದರೆ ಯಾವ ಮಿತಿಯೊಳಗೆ ಎಷ್ಟು ನಂಬಬಹುದೆಂದು ಪರೀಕ್ಷಿಸಿ ಹೇಳಿದ ಸಂಖ್ಯೆಯು, ನಿದ್ದೆಗೆಟ್ಟ ಊರಿನವರು ಅಧಿಕಾರಿಗಳ ಮುಂದೆ ಹೋಗಿ ಸರಿಯಾದ ಮಾಪಕದಿಂದ ಅಳೆಯಿರಿ ಎಂದು ಕೇಳುವುದಕ್ಕೆ ಸಾಕಷ್ಟು ಬಲ ಕೊಡುತ್ತದೆ.